ಪಾರಿವಾಳಗಳ ಅಪ್ಪ

ಆ ಕಾಲದಲ್ಲಿ ಸಾಂತಾ ಕ್ಲಾರಾ ಕಣಿವೆಯಲ್ಲಿ ಇದ್ದದ್ದು ಎರಡೇ ಬೆಳೆ. ಒಂದು ಏಪ್ರಿಕಾಟ್, ಇನ್ನೊಂದು ಗಡ್ಡ ಬಿಟ್ಟ ಎಂಜಿನಿಯರುಗಳು. ಏಪ್ರಿಕಾಟಿಗೆ ನೀರು ಬೇಕು, ಗೊಬ್ಬರ ಬೇಕು, ಹದವಾದ ಬಿಸಿಲು ಬೇಕು. ಗಡ್ಡದವರಿಗೆ ಹಿಂದಿನ ದಿನದ ಪಿಜ್ಜಾ ಒಂದಿದ್ದರೆ ಸಾಕು, ಬುಡಕ್ಕೆ ನೀರು ಹಾಕದಿದ್ದರೂ ಹುಲುಸಾಗಿ ಬೆಳೆಯುತ್ತಿದ್ದರು.

ಅಂಥ ಬೆಳೆಯಲ್ಲಿ ಅತಿ ಸೊಂಪಾದ ಗಿಡವೆಂದರೆ ಅರ್ಲೋ ಪೆಲ್ಕಿ. ಅವನ ಗಡ್ಡದೊಳಗೆ ಒಮ್ಮೆ ಪೆನ್ಸಿಲ್ ಕಳೆದುಹೋಗಿ, ಹುಡುಕಲು ಹೋದವರಿಗೆ ಅದರ ಜೊತೆ ಸ್ಕ್ರೂಡ್ರೈವರೂ ಎರಡು ಬೀಗದ ಕೈಯೂ ಸಿಕ್ಕಿದವೆಂದು ಸಹೋದ್ಯೋಗಿಗಳು ಆಣೆ ಮಾಡುತ್ತಿದ್ದರು. ಟಿವಿಗೆ ಸಿಕ್ಕಿಸಿ ಆಡುವ ಯಂತ್ರ ಮಾರುತ್ತಿದ್ದ ದೊಡ್ಡ ಕಂಪನಿಯೊಂದರಲ್ಲಿ ಆಟಗಳನ್ನು ಹೆಣೆಯುವುದು ಅವನ ಕೆಲಸ. ಅವನು ಮಾಡಿದ ಜಲಾಂತರ್ಗಾಮಿ ಆಟ ಎಷ್ಟು ಮಾರಾಟವಾಯಿತೆಂದರೆ, ಅದರ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನಿಗೆ ಹೋಗಲು ರಾಕೆಟ್ಟಿನ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಅಷ್ಟು ಡಬ್ಬಿಗಳಲ್ಲಿ ಒಂದರ ಮೇಲೂ ಅರ್ಲೋ ಪೆಲ್ಕಿ ಎಂಬ ಹೆಸರಿರಲಿಲ್ಲ. ಮುಂದೆ ಇರಲಿಲ್ಲ, ಹಿಂದೆ ಇರಲಿಲ್ಲ, ತಳದಲ್ಲೂ ಇರಲಿಲ್ಲ.

ಇದನ್ನು ಕೇಳಲು ಹೋದಾಗ ಮೇಲಧಿಕಾರಿ ಮೊಣಕಾಲುದ್ದದ ಬೂಟುಗಳನ್ನು ಮೇಜಿನ ಮೇಲೆ ಚಾಚಿ, "ಹಾಲು ಕುಡಿಯೋರು ಯಾರಾದ್ರೂ ಹಸುವಿನ ಹೆಸರು ಕೇಳ್ತಾರೇನಯ್ಯ?" ಎಂದ. ಅಂದು ಅರ್ಲೋ ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಹಣೆಯ ಎರಡು ಬದಿಗೆ ಕೋಡು ಮೊಳೆಯುತ್ತಿರುವಂತೆ ಕಂಡಿತು.

ಅದಾದರೂ ಹೋಗಲಿ ಎನ್ನಬಹುದಿತ್ತು. ಆದರೆ ಅವನಿಗೊಬ್ಬ ಮಾವನಿದ್ದ.

ಟಿಬರ್ಸಿಯೋ ಅವಿಲಾ ಚಿಕ್ಕಂದಿನಲ್ಲೇ ಪೋರ್ಚುಗೀಸ್ ದ್ವೀಪದಿಂದ ಬಂದು ಆ ಕಣಿವೆಯಲ್ಲಿ ಏಪ್ರಿಕಾಟ್ ತೋಟ ಮಾಡಿದವನು. ಅಲ್ಲಿನ ಬೆಳೆಗಾರರೆಲ್ಲ ಹಣ್ಣಿನ ಪೆಟ್ಟಿಗೆಗೆ ಬಣ್ಣದ ಚೀಟಿ ಅಂಟಿಸುವುದು ವಾಡಿಕೆ. ಅವಿಲಾನ ಚೀಟಿಯಲ್ಲಿ ಮಾತ್ರ ಅವನದೇ ಮುಖ, ಮುಖಕ್ಕಿಂತ ಅಗಲವಾದ ಮೀಸೆ, ಹಿಂದೆ ಉದಯಿಸುತ್ತಿರುವ ಸೂರ್ಯ, ಅಂಗೈಯಲ್ಲಿ ಕುಂಬಳಕಾಯಿ ಗಾತ್ರದ ಏಪ್ರಿಕಾಟ್. ಕೆಳಗೆ ಅವನ ಹೆಸರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಂತು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ. ಪೆಟ್ಟಿಗೆಯೊಳಗಿನ ಹಣ್ಣು ನಿಂಬೆಗಿಂತ ತುಸು ದೊಡ್ಡದಿರುತ್ತಿತ್ತು, ಆ ಮಾತು ಬೇರೆ.

ಅಳಿಯ ಏನು ಕೆಲಸ ಮಾಡುತ್ತಾನೆಂಬುದು ಈ ಮಾವನಿಗೆ ಬಹಳ ವರ್ಷಗಳಿಂದ ಬಗೆಹರಿಯದ ಅನುಮಾನ. ಭಾನುವಾರದ ಊಟಕ್ಕೆ ಮಗಳು ಅಡೆಲೀನಾಳೂ ಅಳಿಯನೂ ಬಂದಾಗ, ಹುರುಳಿಕಾಯಿ ಬೀಜದ ಸೂಪಿಗೆ ರೊಟ್ಟಿ ಅದ್ದುತ್ತಾ ಅದೇ ಪ್ರಶ್ನೆ ತೆಗೆಯುತ್ತಿದ್ದ.

"ಆ ಜಲಾಂತರ್ಗಾಮಿ ನೀನೇ ಮಾಡಿದ್ದು ಅಂತೀಯ. ಎಲ್ಲಪ್ಪಾ ನಿನ್ನ ಹೆಸರು?"

"ಕಂಪನಿ ಹಾಕಲ್ಲ, ಮಿಸ್ಟರ್ ಅವಿಲಾ." ಮದುವೆಯಾಗಿ ಇಷ್ಟು ವರ್ಷವಾದರೂ 'ಮಿಸ್ಟರ್' ಬಿಡು ಎಂದು ಮಾವ ಹೇಳಿರಲಿಲ್ಲ, ಅಳಿಯ ಬಿಟ್ಟಿರಲಿಲ್ಲ.

"ನಾವೂ ಕೆಲವು ಹಣ್ಣಿಗೆ ಹೆಸರು ಹಾಕಲ್ಲ ಬಿಡು. ಅದನ್ನ ಹಂದಿಗೆ ಸುರೀತೀವಿ."

ಅಡೆಲೀನಾ ಅಪ್ಪನ ತಟ್ಟೆಗೆ ಇನ್ನೊಂದು ಸಾಸೇಜ್ ಹಾಕಿ ಬಾಯಿ ಮುಚ್ಚಿಸಲು ನೋಡಿದಳು. ಆ ಬಾಯಿ ಮುಚ್ಚಲು ಇಡೀ ಹಂದಿಯೇ ಬೇಕಿತ್ತು.

ಹೀಗೆ ಒಂದು ಕಡೆ ಬೂಟು, ಇನ್ನೊಂದು ಕಡೆ ಮೀಸೆ, ಎರಡರ ನಡುವೆ ಸಿಕ್ಕಿ ಹಣ್ಣಾದ ಅರ್ಲೋ ಒಂದು ದಿನ ಕೆಲಸ ಬಿಟ್ಟ. ಜೊತೆಗೆ ನೊರೀನ್ ಇಮಾಡಾಳೂ ಬಿಟ್ಟಳು. ನೊರೀನ್ ಆ ಕಂಪನಿಯ ಅತಿ ಚುರುಕು ಮಿದುಳು. ಮಾತಾಡುವುದು ಕಡಿಮೆ, ಆಡಿದರೆ ಎದುರಿನವರಿಗೆ ಗಾಯವಾಗುವಂತೆ ಆಡುವವಳು. ಇಬ್ಬರೂ ಸೇರಿ ತಮ್ಮದೇ ಆಟ ಮಾಡಿ ತಾವೇ ಮಾರುವುದೆಂದು ತೀರ್ಮಾನಿಸಿದರು.

ಇವತ್ತು ಕೇಳಿದರೆ ಇದರಲ್ಲೇನು ಮಹಾ ಎನಿಸುತ್ತದೆ. ಆದರೆ ಅಂದು ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಆಟ ಮಾಡುವುದೆಂದರೆ, ಪಕ್ಕದ ಮನೆಯ ಅಡುಗೆಮನೆಗೆ ನುಗ್ಗಿ ನಮ್ಮ ಸೌಟಿನಲ್ಲಿ ಬಡಿಸಿದ ಹಾಗೆ. ಯಂತ್ರ ಮಾಡಿದವರೇ ಆಟವನ್ನೂ ಮಾಡಬೇಕು ಎಂಬುದು ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಸ್ಥಿರವಾದ ಸಂಗತಿಯಾಗಿತ್ತು. ಹೊರಗಿನವರ ಡಬ್ಬಿ ತುರುಕಿದರೆ ಟಿವಿ ಸಿಡಿದು ಸೋಫಾಕ್ಕೆ ಬೆಂಕಿ ಬೀಳುತ್ತದೆಂದು ಅಂಗಡಿಯವರೇ ಗಿರಾಕಿಗಳನ್ನು ಹೆದರಿಸುತ್ತಿದ್ದರು.

ಬಾಡಿಗೆಗೆ ಜಾಗ ಹಿಡಿಯುವ ಯೋಗ್ಯತೆ ಇವರಿಗಿರಲಿಲ್ಲ. ಅಡೆಲೀನಾ ಅಪ್ಪನನ್ನು ಕಾಡಿ, ಹಣ್ಣು ಕೊಯ್ದು ಒಣಗಿಸುವ ತಗಡಿನ ಶೆಡ್ಡನ್ನು ಬಿಡಿಸಿಕೊಟ್ಟಳು. ಹಣ್ಣಿನ ಕಾಲ ಬಿಟ್ಟರೆ ಅದು ಖಾಲಿಯೇ. ಅವಿಲಾ ಒಪ್ಪಿ ಒಂದು ಷರತ್ತು ಹಾಕಿದ: ಮರದಲ್ಲಿ ಹಣ್ಣು ಬಣ್ಣ ತಿರುಗಿದ ದಿನ ಟಿವಿಗಳೆಲ್ಲ ಆಚೆ. ಅಡೆಲೀನಾ ಅದಕ್ಕೆ ತನ್ನದೊಂದು ಸೇರಿಸಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಮನೆ ನಡೆಸುತ್ತಿದ್ದವಳು ಅವಳೇ ಆದ್ದರಿಂದ ಅವಳ ಮಾತೇ ಕೊನೆಯದು.

"ಅಷ್ಟರೊಳಗೆ ಒಬ್ಬ ಅಂಗಡಿಯವನಾದ್ರೂ ನಿಮ್ಮ ಆಟ ತಗೊಂಡ್ರೆ ಸರಿ. ಇಲ್ದಿದ್ರೆ ಬಾಲ ಮುದುರ್ಕೊಂಡು ಆ ಬೂಟಿನವನ ಹತ್ರ ವಾಪಸ್ ಹೋಗ್ಬೇಕು, ಅರ್ಲೋ. ಹಸು ಆದ್ರೂ ಪರವಾಗಿಲ್ಲ, ಹಾಲು ಕೊಡೋ ಹಸು ಆಗು."

ಬೂಟಿನವನೂ ಜಾಣ. ಅರ್ಲೋನ ಕುರ್ಚಿಯನ್ನು ಯಾರಿಗೂ ಕೊಡದೆ, ದಿನಾ ಧೂಳು ಒರೆಸಿ ಇಡಿಸುತ್ತಿದ್ದಾನೆಂದು ಸುದ್ದಿ ಬರುತ್ತಿತ್ತು.

ಕಂಪನಿಗೆ 'ಟಿನ್ ರೂಫ್' ಎಂದು ಹೆಸರಿಟ್ಟರು. ತಗಡಿನ ಸೂರೊಂದನ್ನು ಬಿಟ್ಟರೆ ಅದರ ಹತ್ತಿರ ಬೇರೆ ಆಸ್ತಿ ಇರಲಿಲ್ಲ. ಕಾನೂನು ಒಂದೇ: ಆಟ ಯಾರು ಮಾಡಿದರೋ ಅವರ ಹೆಸರು ಡಬ್ಬಿಯ ಮೇಲೆ, ಅವರ ಫೋಟೋ ಒಳಗಿನ ಪುಸ್ತಿಕೆಯಲ್ಲಿ. ಆಟ ಶುರುವಾಗುವ ಮೊದಲೇ ಅರ್ಲೋ ಫೋಟೋ ತೆಗೆಸಿಕೊಂಡು ಬಂದ. ಗಡ್ಡ ಪೂರ್ತಿ ಹಿಡಿಸಲು ಛಾಯಾಗ್ರಾಹಕ ರಸ್ತೆಯ ಆಚೆ ಬದಿಗೆ ಹೋಗಬೇಕಾಯಿತಂತೆ.

ಆಟದ ಹೆಸರು 'ಹದಿನೆಂಟನೇ ಮಹಡಿ'. ಎತ್ತರದ ಕಟ್ಟಡದಲ್ಲಿ ಹಗ್ಗಕ್ಕೆ ಜೋತುಬಿದ್ದ ಒಬ್ಬ ಬಡಪಾಯಿ ಕಿಟಕಿ ಗಾಜು ಒರೆಸುತ್ತಾನೆ. ಪಾರಿವಾಳಗಳು ಹಾರಿಬಂದು ಗಲೀಜು ಮಾಡುತ್ತವೆ. ಇವನು ಒರೆಸಿದಷ್ಟೂ ಅಂಕ, ಅವು ಉದುರಿಸಿದಷ್ಟೂ ಕಷ್ಟ. ಬದುಕಿಗೆ ಇದಕ್ಕಿಂತ ಹತ್ತಿರವಾದ ಆಟವನ್ನು ಮನುಷ್ಯ ಕಂಡುಹಿಡಿದಿಲ್ಲ.

ತೊಂದರೆ ಏನೆಂದರೆ, ಈ ಕಟ್ಟಡ, ಹಗ್ಗ, ಪಾರಿವಾಳ, ಅಂಕ, ಸದ್ದು ಎಲ್ಲವನ್ನೂ ಬೆರಳಿನ ಉಗುರಿನಷ್ಟು ಸಿಲಿಕಾನ್ ಚಿಪ್ಪಿನೊಳಗೆ ಕೂರಿಸಬೇಕಿತ್ತು. ಅದರಲ್ಲಿದ್ದ ಜಾಗ ಶಾಲೆಯ ಹುಡುಗರ ಪ್ರಬಂಧಕ್ಕೂ ಸಾಲದು. ಹಾಗಾಗಿ ಶೆಡ್ಡಿನಲ್ಲಿ ಹಗಲೆಲ್ಲ ಮೀನುಪೇಟೆಯ ಚೌಕಾಸಿ. ಪಾರಿವಾಳದ ಕೊಕ್ಕು ಹೋಯಿತು. ಒರೆಸುವವನ ಎಡಗಿವಿ ಹೋಯಿತು. ಕಿವಿ ಬಿಟ್ಟುಕೊಡುತ್ತೇನೆ, ಎರಡು ಗರಿ ಕೊಡು ಎಂದು ಅರ್ಲೋ ಗೋಗರೆದರೆ, ನೊರೀನ್ ಒಂದೂವರೆಗೆ ಇಳಿಸುತ್ತಿದ್ದಳು. ಕೊನೆಗೆ ಸೂಜಿ ಚುಚ್ಚಲೂ ಸ್ಥಳವಿಲ್ಲದ ಹಾಗೆ ಎಲ್ಲವೂ ಒಳಗೆ ಕೂತಿತು.

ಚಿಪ್ಪಿನ ಕಾರ್ಖಾನೆಗೆ ಕಳಿಸುವ ದಿನ ನೊರೀನ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಅರ್ಲೋ ಒಬ್ಬನೇ ಕೂತು ತನ್ನ ಆಟವನ್ನು ನೋಡುತ್ತಿದ್ದಾಗ ಅವನ ತಲೆಗೊಂದು ಹುಳ ಹೊಕ್ಕಿತು. ಡಬ್ಬಿಯ ಮೇಲೆ ಹೆಸರಿದೆ, ಸರಿ. ಆದರೆ ಡಬ್ಬಿಯನ್ನು ಜನ ಹರಿದು ಬಿಸಾಡುತ್ತಾರಲ್ಲ? ಪುಸ್ತಿಕೆಯನ್ನು ನಾಯಿ ತಿನ್ನುತ್ತದಲ್ಲ? ಹೆಸರು ಪರದೆಯ ಮೇಲೇ ಬಂದರೆ? ಅಷ್ಟು ವರ್ಷ ಹೆಸರಿಲ್ಲದೆ ಒಣಗಿದವನಿಗೆ ಬಾಯಾರಿಕೆ ಒಂದು ಲೋಟಕ್ಕೆ ನಿಲ್ಲಲಿಲ್ಲ.

ಜಾಗವಿರಲಿಲ್ಲ. ಹುಡುಕಿದ. ಒಂದು ಮೂಲೆಯಲ್ಲಿ ಚಿಕ್ಕದೊಂದು ತುಣುಕಿತ್ತು. ಅಂಕ ಸಾಲಾಗಿ ನಾಲ್ಕು ಒಂಬತ್ತು, ಅಂದರೆ 9999, ಮುಟ್ಟಿದರೆ ಆಟವನ್ನು ಮುಗಿಸುವುದು ಅದರ ಕೆಲಸ. ಅಷ್ಟು ದೂರ ಯಾವ ನರಮನುಷ್ಯ ಹೋಗುತ್ತಾನೆ? ಆಟ ಮಾಡಿದ ತಾನೇ ಅದರ ಅರ್ಧ ದಾರಿ ಕಂಡವನಲ್ಲ. ತುಣುಕನ್ನು ಕಿತ್ತು ಹಾಕಿ ಆ ಜಾಗದಲ್ಲಿ ಅರ್ಲೋ ಪೆಲ್ಕಿ ಎಂದು ಕೂರಿಸಿದ. ಆಟ ಶುರುವಾಗುವಾಗ ಹೆಸರು ಮಿಂಚಿ ಮರೆಯಾಯಿತು. ಅವನು ಅದನ್ನು ಶುರು ಮಾಡಿ, ನಿಲ್ಲಿಸಿ, ಶುರು ಮಾಡಿ, ಬೆಳಗಿನ ಕಾಫಿ ಸಂಜೆಗೆ ಕುಡಿದ.

ಚಿಪ್ಪೆಂದರೆ ಸುಟ್ಟ ಇಟ್ಟಿಗೆ ಇದ್ದ ಹಾಗೆ. ಒಮ್ಮೆ ಅಚ್ಚಾಯಿತೆಂದರೆ ಒಂದು ಚುಕ್ಕೆಯನ್ನೂ ಬದಲಿಸಲಾಗದು. ಅವು ಆಟದ ಡಬ್ಬಿಯೊಳಗೆ ಕೂತು, ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದು ಶೆಡ್ಡಿನಲ್ಲಿ ಬೆಟ್ಟದಂತೆ ಬಿದ್ದವು. ಆ ಹೊತ್ತಿಗೆ ತೋಟದ ದಕ್ಷಿಣ ಬದಿಯ ಕಾಯಿಗಳ ಕೆನ್ನೆಯಲ್ಲಿ ಹಳದಿ ಕಾಣಿಸಿಕೊಂಡಿತ್ತು. ಒಮಾಹಾದ ಮಿಸೆಸ್ ಥಾರ್ಪ್ ಬರುವ ದಿನವೂ ಗೊತ್ತಾಗಿತ್ತು. ಆಕೆ ಮಧ್ಯ ಅಮೆರಿಕದ ಉದ್ದಗಲಕ್ಕೂ ಹರಡಿದ್ದ ಅಂಗಡಿಗಳಿಗೆ ಆಟಿಕೆ ಆರಿಸಿ ಕೊಳ್ಳುವವಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ತಂಗಿಯನ್ನು ನೋಡಲು ಬಂದವಳು, ಅಡೆಲೀನಾ ಬಿಡದೆ ಫೋನ್ ಮಾಡಿ ಪೀಡಿಸಿದ್ದಕ್ಕೆ ಶೆಡ್ಡಿಗೂ ಒಮ್ಮೆ ಇಣುಕುತ್ತೇನೆಂದು ಒಪ್ಪಿದ್ದಳು. ಆಕೆ ಹ್ಞೂಂ ಎಂದರೆ ಟಿನ್ ರೂಫ್ ಉಳಿಯಿತು. ಊಹೂಂ ಎಂದರೆ ಅರ್ಲೋ ಕೊಟ್ಟಿಗೆಗೆ ಮರಳಬೇಕು.

ಆಕೆ ಬರುವ ಹಿಂದಿನ ಮಧ್ಯಾಹ್ನ ನೊರೀನ್ ಚಹಾ ಇಟ್ಟುಕೊಂಡು, ಕೈ ಚುರುಕಾಗಲೆಂದು ಆಡುತ್ತಾ ಕೂತಳು. ಅವಳು ಆಡುವುದೆಂದರೆ ನೊಣ ಓಡಿಸಿದಷ್ಟು ಸಲೀಸು. ಚಹಾ ಆರಿತು, ಅಂಕ ಏರಿತು. ನಾಲ್ಕು ಒಂಬತ್ತು ದಾಟಿ ಸೊನ್ನೆಗೆ ಬಿತ್ತು. ತಕ್ಷಣ ಪಾರಿವಾಳಗಳೆಲ್ಲ ಬಾಲ ಮುಂದು ಮಾಡಿ ಹಿಂದಕ್ಕೆ ಹಾರತೊಡಗಿದವು. ಕಿಟಕಿಗಳು ತಾವಾಗಿಯೇ ಕೊಳೆಯಾಗುವುದು, ಆ ಕೊಳೆ ಗಾಜು ಬಿಟ್ಟೆದ್ದು, ಅಚ್ಚುಕಟ್ಟಾಗಿ ಮೇಲೇರಿ, ಬಂದ ದಾರಿಯಲ್ಲೇ ಪಾರಿವಾಳದೊಳಕ್ಕೆ ಹೋಗುವುದು. ಒರೆಸುವವನು ಶುಕ್ರವಾರ ಸಂಜೆಯ ಗುಮಾಸ್ತನಂತೆ ಸುಮ್ಮನೆ ನೇತಾಡುತ್ತಿದ್ದ.

"ಅರ್ಲೋ, ನಿನ್ನ ಪಾರಿವಾಳ ಕಿಟಕಿ ಒರೆಸ್ತಿವೆ," ಎಂದಳು ನೊರೀನ್.

ಅರ್ಲೋ ನೋಡಿದ. ಗಡ್ಡ ಒಂದನ್ನು ಬಿಟ್ಟು ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ತಾನು ಕಿತ್ತ ತುಣುಕಿನ ವಿಷಯ ಒದರಿದ. ನೊರೀನ್ ಚಿಪ್ಪಿನ ಕಾರ್ಖಾನೆಗೆ ಕಳಿಸಿದ ದಿನ ಕೀಳಿಸಿಕೊಂಡ ಹಲ್ಲಿನ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡು, ತಾನು ಹಲ್ಲು ಕೀಳಿಸಿಕೊಳ್ಳುವಾಗ ಅವನು ಆಟದ ಹಲ್ಲು ಕಿತ್ತನೆಂದಳು. ಕಳ್ಳತನ ಮಾಡಿ ಮೇಜಿನ ಮೇಲೆ ತನ್ನ ವಿಳಾಸ ಬಿಟ್ಟು ಹೋದವನನ್ನು ಈವರೆಗೆ ನೋಡಿರಲಿಲ್ಲ ಎಂದೂ ಸೇರಿಸಿದಳು. ಆಮೇಲೆ ಲೆಕ್ಕ ಹಾಕಿದರು. ಅಷ್ಟು ದೂರ ಹೋಗಬಲ್ಲ ಜೀವ ಭೂಮಿಯ ಮೇಲೆ ನೊರೀನ್ ಒಬ್ಬಳೇ. ಮಿಸೆಸ್ ಥಾರ್ಪ್ ಎದುರು ಅವಳು ಬೇಕೆಂದೇ ಸೋತು ಮುಗಿಸಿದರೆ ಯಾರಿಗೂ ಏನೂ ತಿಳಿಯದು.

ಬಾಗಿಲಲ್ಲಿ ನಿಂತು ಅವಿಲಾ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ನಕ್ಕ ನಗುವಿಗೆ ತೋಟದ ಮೂರು ಸಾಲು ಮರಗಳಿಂದ ಕಾಯಿ ಉದುರಿದವು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಮೊದಲ ಸಲ ಅಳಿಯನ ಎದುರು ಒಂದು ಪೆಟ್ಟಿಗೆ ಎಳೆದುಕೊಂಡು ಕೂತ.

"ಒಂದು ವರ್ಷ ನನ್ನ ಹಣ್ಣಿನಲ್ಲೆಲ್ಲ ಹುಳ ಇತ್ತು, ಗೊತ್ತಾ ನಿಂಗೆ? ಚೀಟಿ ಅಂಟಿಸಿ ಆಗಿತ್ತು. ಊರೂರಿನ ಹೆಂಗಸರು ಕಾಗದ ಬರೆದು ಬೈದ್ರು. ನನ್ನ ಹೆಸರು ಹಿಡಿದೇ ಬೈದ್ರು, ಕಾಗುಣಿತ ತಪ್ಪಿಲ್ಲದೆ."

"ಏನ್ ಮಾಡಿದ್ರಿ?"

"ಕೂತು ಓದಿದೆ. ಹೆಸರು ಹಾಕೋದು ಅಂದ್ರೆ ಹೊಗಳಿಕೆ ಬರೋಕೆ ಬಾಗಿಲು ತೆಗೆಯೋದು ಅಂದ್ಕೊಂಡಿದೀಯ. ಆ ಬಾಗಿಲಲ್ಲಿ ಬೈಗುಳಾನೂ ಬರುತ್ತೆ, ಮಾರಾಯ. ನೀನು ಸುಮ್ನಿದ್ರೂ ನಂಗೇನೂ ನಷ್ಟ ಇಲ್ಲ. ನಂಗೆ ಶೆಡ್ ಬೇಕು."

ಅರ್ಲೋ ಸುಮ್ಮನಿರುವುದೆಂದೇ ನಿಶ್ಚಯಿಸಿದ.

ಮಾರನೆಯ ದಿನ ಮಿಸೆಸ್ ಥಾರ್ಪ್ ಬಂದಳು. ಆಳು ಕುಳ್ಳಿ, ಕೈಚೀಲ ಭಾರಿ. ಆ ಚೀಲದ ಬಾಯಿ ಟಪ್ಪೆಂದು ಮುಚ್ಚಿದ ಸದ್ದಿಗೆ ಎಷ್ಟೋ ಆಟಿಕೆ ಕಾರ್ಖಾನೆಗಳು ನೆಲಸಮವಾಗಿದ್ದವು ಎಂದು ಪ್ರತೀತಿ. ಆಕೆ ಶೆಡ್ಡಿನ ಹಣ್ಣಿನ ವಾಸನೆಯನ್ನೂ ತಗಡನ್ನೂ ಗಡ್ಡವನ್ನೂ ಒಂದೇ ನೋಟದಲ್ಲಿ ಅಳೆದು, ತೋರಿಸಿ ಎಂದಳು. ನೊರೀನ್ ಆಡಿದಳು. ಬೇಕೆಂದೇ ಸೋಲುವುದು ಅವಳಿಗೆ ಗಾಯಕನಿಗೆ ಅಪಸ್ವರ ಹಾಡಿಸಿದಷ್ಟು ಹಿಂಸೆ. ಮೂರನೇ ಮಹಡಿಯಿಂದ ಬೀಳುವಾಗ ಅವಳ ಕಣ್ಣಲ್ಲಿ ನೀರೇ ಬಂತು. ಆಮೇಲೆ ಮಿಸೆಸ್ ಥಾರ್ಪ್ ತಾನೇ ಆಡಿದಳು. ಬಿದ್ದಳು, ಎದ್ದಳು, ಪಾರಿವಾಳವನ್ನು ಕೆಟ್ಟ ಮಾತಿನಲ್ಲಿ ಬೈದಳು, ಟೋಪಿ ತೆಗೆದಿಟ್ಟು ಮತ್ತೆ ಆಡಿದಳು. ಮತ್ತೆ ಶುರು ಮಾಡುವಾಗ ಪರದೆಯ ಮೇಲೆ ಮಿಂಚಿದ ಹೆಸರು ಕಣ್ಣಿಗೆ ಬಿತ್ತು.

"ಇದು ಯಾರು?"

ಅರ್ಲೋನ ಎದೆ ಒಂದು ಗೇಣು ಮುಂದೆ ಬಂತು. "ನಾನೇ, ಮಿಸೆಸ್ ಥಾರ್ಪ್."

ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. "ಒಳ್ಳೇದು. ನಾನು ಎಲ್ಲಾರಿಗೂ ಕೇಳೋದು ಒಂದೇ ಪ್ರಶ್ನೆ. ಇದರಲ್ಲಿ ಕೆಟ್ಟದ್ದು ಏನಿದೆ?"

ಅರ್ಲೋ ಬಾಯಿ ತೆರೆದ. ಏನೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಉಗುಳಿದರೆ ಸಾಕಿತ್ತು. ಹಿಂದಿನ ಮೂಲೆಯಲ್ಲಿ ಹಣ್ಣು ಒಣಗಿಸುವ ತಟ್ಟೆಗಳಿಗೆ ಮೊಳೆ ಹೊಡೆಯುವ ನೆಪದಲ್ಲಿ ನಿಂತಿದ್ದ ಅವಿಲಾನ ಸುತ್ತಿಗೆ ಎತ್ತಿದಲ್ಲೇ ನಿಂತಿತು. ಮಿಸೆಸ್ ಥಾರ್ಪ್ ಕೈ ತಾಗಿ ಆಟ ಮತ್ತೆ ಶುರುವಾಗಿ, ಪರದೆಯ ಮೇಲೆ ಹೆಸರು ಇನ್ನೊಮ್ಮೆ ಮಿಂಚಿತು. ತಾನೇ ಅಷ್ಟು ಆಸೆಪಟ್ಟು ಕೂರಿಸಿದ ಹೆಸರು ತನ್ನ ಕಡೆಗೇ ಬೆರಳು ಚಾಚಿದಂತೆ ಅರ್ಲೋನಿಗೆ ಕಂಡಿತು.

"ಪಾರಿವಾಳಗಳು," ಎಂದ. "ಕೊನೇಲಿ ಹಿಂದಕ್ಕೆ ಹಾರ್ತವೆ."

ತೋರಿಸಬೇಕಾಯಿತು. ಈ ಸಲ ನೊರೀನ್ ತನ್ನ ಇಷ್ಟಕ್ಕೆ ಆಡಿದಳು, ಬೆಳಿಗ್ಗೆಯಿಂದ ತಡೆದಿದ್ದ ಸಿಟ್ಟನ್ನೆಲ್ಲ ಆಟ ಆಡಿಸುವ ಕೋಲಿನ ಮೇಲೆ ತೀರಿಸಿ. ಅಂಕ ಮೊಗಚಿತು, ಪಾರಿವಾಳಗಳು ತಿರುಗಿದವು, ಕೊಳೆ ಮೇಲಕ್ಕೆ ಹೋಯಿತು. ಮಿಸೆಸ್ ಥಾರ್ಪ್ ಬಹಳ ಹೊತ್ತು ನೋಡಿದಳು.

"ಯಾರ ತಪ್ಪು ಇದು?"

"ನಂದು. ನನ್ನ ಹೆಸರಿಗೆ ಜಾಗ ಬೇಕಿತ್ತು, ಅದಕ್ಕೆ ಒಂದು ತುಂಡು ಕಿತ್ತೆ. ಎಲ್ಲ ಚಿಪ್ಪಿನಲ್ಲೂ ಹೀಗೇ ಇದೆ. ಸರಿ ಮಾಡೋಕೆ ಆಗಲ್ಲ."

ಚೀಲದ ಬಾಯಿ ತೆರೆದೇ ಇತ್ತು. ಆಕೆ ಹೇಳಿದ್ದು ಇಷ್ಟು: ನಾನು ಈ ಕಸುಬಿಗೆ ಬಂದಾಗಿನಿಂದ ಗೊಂಬೆಗಳ ತಲೆ ಕಳಚಿವೆ, ರೈಲುಗಳ ಗಾಲಿ ಉರುಳಿಹೋಗಿವೆ. ಕಾರ್ಖಾನೆಗೆ ಫೋನ್ ಮಾಡಿದರೆ ಕೈ ಮಾಡುವವನು ಸಿಗುತ್ತಾನೆ, ಕಾಲು ಮಾಡುವವನು ಸಿಗುತ್ತಾನೆ, ತಲೆ ಮಾಡಿದವನು ಮಾತ್ರ ಎಂದೂ ಸಿಕ್ಕಿಲ್ಲ. ಕೆಟ್ಟದ್ದೇನೆಂದು ಕೇಳಿದಾಗ ಏನೂ ಇಲ್ಲವೆಂದವರನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದೇನೆ.

"ತಪ್ಪಿನ ತಲೆ ಮೇಲೇ ಹೆಸರು ಬರೆದು ಕೂತಿರೋ ಮನುಷ್ಯನ್ನ ಇವತ್ತೇ ನೋಡಿದ್ದು," ಎಂದಳು. "ನಮ್ಮ ಎಲ್ಲಾ ಅಂಗಡಿಗೂ ಕಳಿಸಿ. ಒಂದು ಮಾತು. ಡಬ್ಬಿ ಮೇಲಿರೋ ಹೆಸರಿನ ಕೆಳಗೆ ಫೋನ್ ನಂಬರ್ ಹಾಕ್ಬೇಕು. ಯಾರಾದ್ರೂ ಬೈಬೇಕು ಅಂದ್ರೆ ನಂಗಲ್ಲ, ನಿಮಗೇ ಬೈಲಿ."

ಅಲ್ಲಿದ್ದ ಫೋನು ಒಂದೇ, ಶೆಡ್ಡಿನ ಕಂಬಕ್ಕೆ ನೇತುಹಾಕಿದ್ದು. ಅದೇ ನಂಬರ್ ಅಚ್ಚಾಯಿತು.

ಮುಂದಿನದು ದೇಶಕ್ಕೇ ಗೊತ್ತು. ಟಿವಿ ಸಿಡಿಯಲಿಲ್ಲ, ಸೋಫಾಕ್ಕೆ ಬೆಂಕಿ ಬೀಳಲಿಲ್ಲ. ಒಮಾಹಾದಲ್ಲಿ ಆಟ ಖಾಲಿಯಾಗಿ, ತಾಯಂದಿರು ಅಂಗಡಿಯ ಬಾಗಿಲಲ್ಲಿ ಒಬ್ಬರ ಟೋಪಿ ಒಬ್ಬರು ಕಿತ್ತು ಕಾದಾಡಿದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಇಡೀ ದೇಶದಲ್ಲಿ ಮಕ್ಕಳೆಲ್ಲ ಪಾರಿವಾಳಕ್ಕೆ ಶಾಪ ಹಾಕುವವರೇ. ಟಿನ್ ರೂಫ್ ತಗಡು ಬಿಟ್ಟು ಹೆದ್ದಾರಿ ಪಕ್ಕದ ಗಾಜಿನ ಕಟ್ಟಡಕ್ಕೆ ಹೋಯಿತು. ಬೂಟಿನವನ ಗಡ್ಡದವರು ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಬಂದರು, ಫೋಟೋ ತೆಗೆಸಿಕೊಂಡೇ ಬಂದರು. ಕಣಿವೆಯ ಬೀದಿ ಬೀದಿಯಲ್ಲಿ ಹೊಸ ಆಟದ ಕಂಪನಿ ಎದ್ದಿತು. ಕೆಲವು ಬೆಳಿಗ್ಗೆ ಎದ್ದು ಸಂಜೆ ಮಲಗಿದವು.

ಗಾಜಿನ ಕಟ್ಟಡದಲ್ಲಿ ನೊರೀನ್‌ಗೆ ಕೋಣೆಯಿತ್ತು, ಕೋಣೆಗೆ ಕಾರ್ಪೆಟ್ ಇತ್ತು. ಅರ್ಲೋನಿಗೂ ಒಂದು ಇತ್ತು, ಆದರೆ ಅದರಲ್ಲಿ ಕೂರುವ ಯೋಗ ಅವನಿಗಿರಲಿಲ್ಲ. ಲಕ್ಷಾಂತರ ಡಬ್ಬಿಗಳ ಮೇಲೆ ಅವನ ಹೆಸರಿನ ಕೆಳಗೆ ಇದ್ದದ್ದು ಶೆಡ್ಡಿನ ನಂಬರ್. ಅವನು ದಿನಾ ಅಲ್ಲೇ ಹೋಗಿ ಕೂರಬೇಕು, ಫೋನ್ ಎತ್ತಬೇಕು, ಬೈಸಿಕೊಳ್ಳಬೇಕು. ನಾಲ್ಕು ಒಂಬತ್ತು ದಾಟಬಲ್ಲವಳು ನೊರೀನ್ ಒಬ್ಬಳೇ ಅಲ್ಲವೆಂದು ತಿಳಿಯಲು ತಡವಾಗಲಿಲ್ಲ. ಅಲಬಾಮಾದಿಂದ ಬೈದರು, ಅಲಾಸ್ಕಾದಿಂದ ಬೈದರು. ಕೆಂಟಕಿಯ ಒಬ್ಬ ನ್ಯಾಯಾಧೀಶರು ತೀರ್ಪಿನ ಧಾಟಿಯಲ್ಲಿ ಬೈದರು. ಪ್ರತಿ ಬೈಗುಳದಲ್ಲೂ ಅವನ ಹೆಸರು ಸ್ಪಷ್ಟವಾಗಿ ಇರುತ್ತಿತ್ತು. ಅರ್ಲೋ ಕ್ಷಮೆ ಕೇಳುತ್ತಾ ಕೇಳುತ್ತಾ ದಪ್ಪಗಾದ.

ಮುಂದಿನ ಹಣ್ಣಿನ ಕಾಲಕ್ಕೆ ಶೆಡ್ಡಿನ ತುಂಬ ಹೆಂಗಸರು ಕೂತು ಹಣ್ಣು ಸೀಳಿ ತಟ್ಟೆಗೆ ಹರಡುತ್ತಿದ್ದರೆ, ನಡುವೆ ಕಂಬಕ್ಕೆ ಒರಗಿ ಅರ್ಲೋ. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯವರಿಗೆ ಲೈನೇ ಸಿಗುತ್ತಿಲ್ಲವೆಂದು, ಈ ಹಾಳು ಹಕ್ಕಿಗಳಿಂದ ತನ್ನ ಹಣ್ಣು ಕೊಳೆಯುತ್ತದೆಂದು ಅವಿಲಾ ಹೋಗುತ್ತಾ ಬರುತ್ತಾ ಗೊಣಗುತ್ತಿದ್ದ. ಬಿಸಿಲು ಏರಿದ್ದ ಒಂದು ಹೊತ್ತಿನಲ್ಲಿ ಫೋನ್ ಬಂತು. ವಿಸ್ಕಾನ್ಸಿನ್‌ನ ಕಾನ್ವೆಂಟಿನಿಂದ ಸಿಸ್ಟರ್ ಬೆನೆಡಿಕ್ಟಾ ಎಂಬಾಕೆ.

"ಪಾರಿವಾಳ ಹಿಂದಕ್ಕೆ ಹಾರಿದ್ದಾ, ಸಿಸ್ಟರ್? ಅದು ನನ್ನದೇ ತಪ್ಪು, ಕ್ಷಮಿಸಬೇಕು."

"ಅದು ಹೋದ ತಿಂಗಳ ಕಥೆ, ಮಿಸ್ಟರ್ ಪೆಲ್ಕಿ. ಕೊಳೇನ ಅವು ಎತ್ಕೊಳ್ಳೋದಕ್ಕೆ ಮೊದಲು ನಾನೇ ಒರೆಸಿದ್ರೆ ಅಂಕ ಬರುತ್ತೆ. ಈಗ ಎರಡನೇ ಸಲ ನಾಲ್ಕು ಒಂಬತ್ತರ ಹತ್ರ ಇದೀನಿ. ಅಲ್ಲಿ ಏನಾಗುತ್ತೆ?"

ಅರ್ಲೋ ತಲೆ ಕೆರೆದುಕೊಂಡ. ಅಲ್ಲಿಗೆ ನೊರೀನ್ ಕೂಡ ಹೋಗಿರಲಿಲ್ಲ. "ಗೊತ್ತಿಲ್ಲ, ಸಿಸ್ಟರ್."

"ಮಾಡಿದೋರು ನೀವೇ ಅಲ್ವಾ?"

"ಹೌದು."

"ಹಾಗಿದ್ರೆ ಫೋನ್ ಇಡಬೇಡಿ. ಏನಾದ್ರೂ ಆದ್ರೆ ನೀವೇ ಉತ್ತರ ಕೊಡ್ಬೇಕು."

ರಿಸೀವರ್ ಕೆಳಗಿಟ್ಟ ಸದ್ದು ಕೇಳಿಸಿತು, ಆಮೇಲೆ ದೂರದಲ್ಲಿ ಟಿಕ್ ಟಿಕ್ ಎಂದು ಕಿಟಕಿ ಒರೆಸುವ ಸದ್ದು, ನಡುನಡುವೆ ಪಾರಿವಾಳದ ಗುಟುರು, ಸಣ್ಣದಾಗಿ ಒಂದು ಪ್ರಾರ್ಥನೆ. ಅರ್ಲೋ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ಹಣ್ಣಿನ ಪೆಟ್ಟಿಗೆ ಹೊತ್ತು ಬಂದ ಅವಿಲಾ, ಲೈನ್ ಬಿಡು ಎನ್ನಲು ಬಾಯಿ ತೆರೆದವನು ಅಳಿಯನ ಮುಖ ನೋಡಿ, ಪೆಟ್ಟಿಗೆ ಇಳಿಸಿ ಹತ್ತಿರ ಬಂದ. ಮೀಸೆಯ ಒಂದು ಕೊನೆ ಗಡ್ಡಕ್ಕೆ ತಾಗುವಷ್ಟು ಬಗ್ಗಿ ರಿಸೀವರಿಗೆ ಕಿವಿ ಇಟ್ಟ. ಹಣ್ಣು ಸೀಳುತ್ತಿದ್ದ ಹೆಂಗಸರ ಚಾಕುಗಳು ಒಂದೊಂದಾಗಿ ನಿಂತವು.

"ಎಲ್ಲಿಗೆ ಬಂದಳಂತೆ?" ಎಂದ ಅವಿಲಾ, ಪಿಸುಮಾತಿನಲ್ಲಿ.

"ಹತ್ರದಲ್ಲೇ ಇದಾಳೆ, ಮಿಸ್ಟರ್ ಅವಿಲಾ."

"ಮಿಸ್ಟರ್ ಅಂತೆ ಮಿಸ್ಟರ್. ಸ್ವಲ್ಪ ಈ ಕಡೆ ತಿರುಗಿಸು, ನಂಗೂ ಕೇಳ್ಲಿ."